ಫ್ರೆಂಚಿನಲ್ಲಿ ನಾಳೆಯ ಮಾತು: ಯಾವ ರೂಪ, ಯಾವಾಗ

'ದಿನಾ ಬರುತ್ತೇನೆ', 'ನಾಳೆ ಬರುತ್ತೇನೆ' ಎರಡಕ್ಕೂ ಆಡುಮಾತಿನ ಕನ್ನಡದಲ್ಲಿ ಒಂದೇ ರೂಪ ಸಾಕು. ಫ್ರೆಂಚಿನಲ್ಲಿ ಮಾತ್ರ ಪ್ರತಿ ಸಲವೂ ಆರಿಸಿಕೊಳ್ಳಬೇಕು. ಹಾಗಾಗಿ ಕ್ರಿಯಾಪದದ ಪಟ್ಟಿ ಬಾಯಿಪಾಠ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಹೇಳಲಿರುವ ಸಂಗತಿಗೆ ಈಗಲೇ ಚಾಲನೆ ಸಿಕ್ಕಿದೆಯೇ, ಇಲ್ಲವೇ? (ಇಲ್ಲಿ ಫ್ರೆಂಚನ್ನು ಉಚ್ಚಾರದಂತೆ ಬರೆದಿದೆ; ಪದದ ಕೊನೆಯ 'ಂ' ಮೂಗಿನಿಂದ ಹೊರಡುವ ಸ್ವರ.)

ವೇಳಾಪಟ್ಟಿಯಂತೆ ನಡೆಯುವುದಕ್ಕೆ ವರ್ತಮಾನವೇ ಸಾಕು. ಮಾಹೆಗೆ ಹೋಗುವ ರೈಲು ನಾಳೆ ಆರಕ್ಕೆ ಹೊರಡುವುದಾದರೆ 'ಲ ತ್ರಾಂ ಪಾರ್ ದಮಾಂ ಆ ಸೀಜ಼ರ್'. 'ದಮಾಂ' (ನಾಳೆ) ಕಾಲವನ್ನು ಹೇಳಿಬಿಡುತ್ತದೆ.

ಚಾಲನೆ ಸಿಕ್ಕ ಸಂಗತಿಗೆ 'ಹೋಗು' ಧಾತುವಿನ ವರ್ತಮಾನ ರೂಪ, ಅದರ ನಂತರ ಮುಖ್ಯ ಕ್ರಿಯಾಪದದ ಮೂಲ ರೂಪ (ನಿಘಂಟಿನಲ್ಲಿ ಕಾಣುವ ರೂಪ). ಮೋಡ ಕವಿದಾಗ 'ಇಲ್ ವಾ ಪ್ಲೆವ್ವಾರ್' (ಮಳೆ ಬರಲಿದೆ). ಕಾಸರಗೋಡಿನವರಿಗೆ ಇದು ಹೊಸತಲ್ಲ, 'ಮಳ ಪೆಯ್ಯಾನ್ ಪೋಗುನ್ನು' ಎಂಬ ಮಲಯಾಳದ ಕಟ್ಟೂ ಇದೇ. ತಪ್ಪುವುದು ಎರಡು ಕಡೆ. ಎರಡನೆಯ ಕ್ರಿಯಾಪದವನ್ನು ಬದಲಿಸಬಾರದು: 'ಝ ವೆ ಪಾರ್ತೀರ್' (ಹೊರಡಲಿದ್ದೇನೆ) ಸರಿ, 'ಝ ವೆ ಪಾರ್' ತಪ್ಪು. ನಿಷೇಧದ 'ಪಾ' ಎರಡೂ ಕ್ರಿಯಾಪದಗಳ ನಡುವೆ ಬರುತ್ತದೆ: 'ಝ ನ ವೆ ಪಾ ಪಾರ್ತೀರ್'.

ದೂರದ್ದಕ್ಕೆ, ಭರವಸೆಗೆ, ಮುನ್ಸೂಚನೆಗೆ, ಬರಹಕ್ಕೆ ಸರಳ ಭವಿಷ್ಯತ್. ಮೂಲ ರೂಪಕ್ಕೆ ಪ್ರತ್ಯಯ ಅಂಟಿಸಿದರೆ ಆಯಿತು: ಏ, ಆ, ಆ, ಓಂ, ಏ, ಓಂ. ಆರು ಪುರುಷರೂಪಗಳಿಗೆ (ನಾನು, ನೀನು, ಅವನು, ನಾವು, ನೀವು, ಅವರು) ಕಿವಿಗೆ ಬೀಳುವುದು ಮೂರೇ ಸ್ವರ. ಇವು ಬಂದದ್ದು 'ಇದೆ, ಉಂಟು' ಎನ್ನುವ ಧಾತುವಿನ ವರ್ತಮಾನ ರೂಪಗಳಿಂದ. ಆಡು ಲ್ಯಾಟಿನ್ನಿನಲ್ಲಿ ಜನ ನಮ್ಮ 'ಹಾಡಲಿಕ್ಕುಂಟು' ಎಂಬಂತೆಯೇ ಹೇಳುತ್ತಿದ್ದರು, ಆ 'ಉಂಟು' ಕ್ರಿಯಾಪದಕ್ಕೆ ಬೆಸೆದು ಪ್ರತ್ಯಯವಾಯಿತು. ಮೂಲ ರೂಪದ ಕೊನೆಯ 'ರ್' ಪ್ರತ್ಯಯಕ್ಕೆ ಮೊದಲು ಉಳಿದಿರುವುದೂ ಅದಕ್ಕೇ. ಅನಿಯಮಿತ ಧಾತುಗಳಲ್ಲೂ ಈ 'ರ್' ತಪ್ಪುವುದಿಲ್ಲ: ಝ ಸರೇ (ಇರುತ್ತೇನೆ), ಝೋರೇ (ನನ್ನಲ್ಲಿ ಇರುತ್ತದೆ), ಝಿರೇ (ಹೋಗುತ್ತೇನೆ), ಝ ಫರೇ (ಮಾಡುತ್ತೇನೆ), ಝ ವ್ಯಾಂದ್ರೇ (ಬರುತ್ತೇನೆ), ಝ ವೆರೇ (ನೋಡುತ್ತೇನೆ), ಝ ಪೂರೇ (ನನ್ನಿಂದಾಗುತ್ತದೆ). ಮೊದಲು ಈ ಏಳನ್ನು ಗಟ್ಟಿಮಾಡಿ. ದಿನನಿತ್ಯದ ಮಾತಿನಲ್ಲಿ ಇವೇ ಹೆಚ್ಚು.

ವಾಕ್ಯ ಎರಡಾದಾಗ ತೊಡಕು ಶುರು. 'ಮಳೆ ಬಂದರೆ' ಎನ್ನುವ 'ಸಿ' ಭಾಗದಲ್ಲಿ ಭವಿಷ್ಯತ್ ಸಲ್ಲದು: 'ಸಿಲ್ ಪ್ಲೆ ದಮಾಂ, ಝ ರೆಸ್ತ್‌ರೇ ಆ ಲಾ ಮೆಜ಼ೋಂ' (ನಾಳೆ ಮಳೆ ಬಂದರೆ ಮನೆಯಲ್ಲೇ ಇರುತ್ತೇನೆ). 'ಬರುತ್ತಾನೋ ಇಲ್ಲವೋ' ಎಂಬ ಸಂದೇಹದ 'ಸಿ' ಬೇರೆ, ಅಲ್ಲಿ ಭವಿಷ್ಯತ್ ಬರಬಹುದು. 'ಯಾವಾಗ' ಎನ್ನುವ 'ಕಾಂ' ಭಾಗದಲ್ಲಂತೂ ಭವಿಷ್ಯತ್ ಬೇಕೇ ಬೇಕು: 'ಕಾಂ ತ್ಯು ಆರಿವ್ರಾ' (ನೀನು ತಲುಪಿದಾಗ). ಇಂಗ್ಲಿಷಿನ ರೂಢಿಯಲ್ಲಿ ವರ್ತಮಾನ ಹಾಕುವವರು ಇಲ್ಲಿಯೇ ಎಡವುತ್ತಾರೆ. ಮೊದಲು ಮುಗಿಯಬೇಕಾದ ಕೆಲಸಕ್ಕೆ ಪೂರ್ಣ ಭವಿಷ್ಯತ್: 'ಕಾಂ ಝೋರೇ ಫಿನಿ, ಝ ವ್ಯಾಂದ್ರೇ' (ಮುಗಿಸಿದ ಮೇಲೆ ಬರುತ್ತೇನೆ). ಊಹೆಗೂ ಇದೇ ರೂಪ ಒದಗುತ್ತದೆ, ನಮ್ಮ 'ರೈಲು ತಪ್ಪಿಸಿಕೊಂಡಿರುತ್ತಾನೆ' ಎಂಬಂತೆ.

'ಬರುತ್ತೇನೆ ಎಂದ' ಎನ್ನುವಲ್ಲಿ ಕನ್ನಡ ಅವನ ಮಾತನ್ನು ಇದ್ದಂತೆಯೇ ಇಡುತ್ತದೆ. ಫ್ರೆಂಚ್ ಅದನ್ನು ಭೂತದಿಂದ ನೋಡಿದ ಭವಿಷ್ಯಕ್ಕೆ ತಿರುಗಿಸುತ್ತದೆ: 'ಇಲ್ ಆ ದಿ ಕಿಲ್ ವ್ಯಾಂದ್ರೆ'. 'ನಾನು' ರೂಪದಲ್ಲಿ ಇದಕ್ಕೂ ಸರಳ ಭವಿಷ್ಯತ್ತಿಗೂ ಬರಹದಲ್ಲಿ ಕೊನೆಯ 'ಎಸ್' ಅಕ್ಷರವೊಂದೇ ಅಂತರ, ಕಿವಿಗೆ ಹಲವೊಮ್ಮೆ ಅದೂ ತಿಳಿಯುವುದಿಲ್ಲ. ಬರೆಯುವಾಗ ಸಂಶಯವಾದರೆ 'ನಾನು' ತೆಗೆದು 'ನಾವು' ಹಾಕಿ ನೋಡಿ. 'ರೋಂ' ಬಂದರೆ ಭವಿಷ್ಯತ್, 'ಎಸ್' ಬೇಡ. 'ರ್ಯೋಂ' ಬಂದರೆ 'ಎಸ್' ಸೇರಿಸಿ.