ಸದ್ದಿಲ್ಲದ ಟಿವಿ ಪಿಸಿ: ಬಿಸಿ ಇಳಿಸಿ ತಡವರಿಕೆ ನಿಲ್ಲಿಸಿದ್ದು

ಫ್ಯಾನ್ ಇಲ್ಲದ ಇಂಟೆಲ್ ಎನ್100 ಮಿನಿ ಪಿಸಿ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಅದರಲ್ಲಿ ಲಿಬ್ರೆಎಲೆಕ್ (ಕೋಡಿ ಎಂಬ ವಿಡಿಯೊ ಪ್ಲೇಯರ್ ಓಡಿಸಲೆಂದೇ ಇರುವ ಪುಟ್ಟ ಆಪರೇಟಿಂಗ್ ಸಿಸ್ಟಂ). ಹಾಲ್‌ನ ಟಿವಿಗೆ ಇಷ್ಟು ಧಾರಾಳ. ಆದರೂ ಅರ್ಧ ಗಂಟೆ ಕಳೆದರೆ 4ಕೆ ವಿಡಿಯೊ ತಡವರಿಸುತ್ತಿತ್ತು, ಪೆಟ್ಟಿಗೆ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು.

ಈ ಚಿಪ್‌ನ ಲೆಕ್ಕ 6 ವ್ಯಾಟ್. ಬಯೋಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗ್ಸ್) ಮಾತ್ರ ಪಿಎಲ್1, ಅಂದರೆ ನಿರಂತರ ವಿದ್ಯುತ್ ಬಳಕೆಯ ಮಿತಿ, 20 ವ್ಯಾಟ್ ಇತ್ತು. ಅದನ್ನು 8ಕ್ಕೆ, ಸ್ವಲ್ಪ ಹೊತ್ತಿನ ಮಿತಿಯಾದ ಪಿಎಲ್2 ಅನ್ನು 12ಕ್ಕೆ ಇಳಿಸಿದೆ. ಎಚ್‌ಇವಿಸಿ, ವಿಪಿ9, ಎವಿ1 ಎಂಬ ಮೂರೂ ವಿಡಿಯೊ ಫಾರ್ಮ್ಯಾಟ್‌ಗಳನ್ನು ಗ್ರಾಫಿಕ್ಸ್ ಭಾಗವೇ ಡಿಕೋಡ್ ಮಾಡುವುದರಿಂದ ಸಿನಿಮಾಕ್ಕೆ ಏನೂ ಕೊರತೆಯಾಗಲಿಲ್ಲ. ಖಾತ್ರಿಗೆ, ವಿಡಿಯೊ ಓಡುವಾಗ ಕೀಬೋರ್ಡ್‌ನಲ್ಲಿ 'ಓ' (O) ಒತ್ತಿ. ಡಿಕೋಡರ್ ಹೆಸರಿನ ಪಕ್ಕ 'ಎಚ್‌ಡಬ್ಲ್ಯು' ಎಂದಿರಬೇಕು. 'ಎಸ್‌ಡಬ್ಲ್ಯು' ಕಂಡರೆ ಸಿಪಿಯುವೇ ಒದ್ದಾಡುತ್ತಿದೆ ಎಂದರ್ಥ, ಕೋಡಿಯ ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ವಿಎ-ಎಪಿಐ (ಡಿಕೋಡ್ ಕೆಲಸವನ್ನು ಗ್ರಾಫಿಕ್ಸ್ ಭಾಗಕ್ಕೆ ಒಪ್ಪಿಸುವ ಆಯ್ಕೆ) ಆನ್ ಮಾಡಿ.

ಇಂಥ ಪೆಟ್ಟಿಗೆಯ ಮೇಲ್ಮೈಯೇ ಹೀಟ್‌ಸಿಂಕ್, ಅಂದರೆ ಬಿಸಿ ಹೊರಹಾಕುವ ಭಾಗ. ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಕೂರಿಸಿದರೆ ಒಲೆ ಮೇಲೆ ಮುಚ್ಚಳ ಇಟ್ಟಂತೆ. ಗಾಜಿನ ಬಾಗಿಲಿನ ಶೋಕೇಸ್‌ನಿಂದ ಹೊರತೆಗೆದು, ಅಡಿಗೆ 2 ಸೆಂ.ಮೀ. ರಬ್ಬರ್ ಕಾಲು ಅಂಟಿಸಿದ್ದೇ ಬಯೋಸ್ ಬದಲಾವಣೆಗಿಂತ ಹೆಚ್ಚು ಕೆಲಸ ಮಾಡಿತು.

ಬಿಸಿ ಇಳಿದರೂ ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಸಣ್ಣ ಜಗ್ಗಾಟ ಉಳಿದಿತ್ತು. ಸೆಕೆಂಡಿಗೆ 24 ಫ್ರೇಮ್‌ನ ಚಿತ್ರ, ಸೆಕೆಂಡಿಗೆ 60 ಸಲ ಬದಲಾಗುವ 60 ಹರ್ಟ್ಸ್ ಪರದೆಯಲ್ಲಿ ಸಮವಾಗಿ ಹಂಚಿಕೆಯಾಗದು. ಕೋಡಿಯಲ್ಲಿ ಪರದೆಯ ವೇಗವನ್ನು ಚಿತ್ರಕ್ಕೆ ಹೊಂದಿಸುವ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಅನ್ನು 'ಆನ್ ಸ್ಟಾರ್ಟ್/ಸ್ಟಾಪ್' ಮಾಡಿದೆ, ಜಗ್ಗಾಟ ಹೋಯಿತು.

ವೈರ್‌ಲೆಸ್ ಕೀಬೋರ್ಡ್ ಕೈಕೊಟ್ಟರೆ ಬ್ಯಾಟರಿಯನ್ನೇ ಬೈಯಬೇಡಿ. ಯುಎಸ್‌ಬಿ 3.0 ಡಿಸ್ಕ್, ಇಂಥ ಕೀಬೋರ್ಡ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಕೀಬೋರ್ಡ್‌ನ ಯುಎಸ್‌ಬಿ ರಿಸೀವರ್ ಆದ ಡಾಂಗಲ್ ಅನ್ನು ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್‌ನಲ್ಲಿ ದೂರ ಇಟ್ಟರೆ ಸಾಕು.