ಟೆಂಡರ್ ಕೈತಪ್ಪಿದಾಗ ನಾನು ಹಾಕಿದ ಅಪೀಲು

ಬಿಡ್ ತಿರಸ್ಕಾರ ಆಯ್ತು ಅಂದ ಕೂಡಲೇ ನಮ್ಮ ಗುತ್ತಿಗೆದಾರರಲ್ಲಿ ಅರ್ಧ ಜನ ಶಿಫಾರಸು ಹುಡುಕುತ್ತಾರೆ. ಇನ್ನರ್ಧ ಜನ ಹೈಕೋರ್ಟ್‌ಗೆ ಹೋಗ್ತೀನಿ ಅಂತ ಕೂಗಾಡುತ್ತಾರೆ. ಇವೆರಡರ ನಡುವೆ ಒಂದು ದಾರಿ ಇದೆ, ಅದನ್ನು ಬಳಸುವವರು ಕಡಿಮೆ. ನಮ್ಮ ಕೆಟಿಪಿಪಿ ಕಾಯ್ದೆ, ಅಂದರೆ ಸರ್ಕಾರಿ ಟೆಂಡರ್‌ಗಳಿಗೆ ಅನ್ವಯಿಸುವ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯ ಸೆಕ್ಷನ್ 16ರ ಅಪೀಲು. ನಾನು ಹೋಗಿದ್ದು ಆ ದಾರಿಯಲ್ಲಿ.

ಕೆಲಸ ಕುಡಿಯುವ ನೀರಿನ ಓವರ್‌ಹೆಡ್ ಟ್ಯಾಂಕ್ ಮತ್ತು ಪೈಪ್‌ಲೈನ್‌ನದು. ಎರಡು ಕವರ್ ಪದ್ಧತಿ. ಮೊದಲ ಕವರ್‌ನಲ್ಲಿ ಟೆಕ್ನಿಕಲ್ ದಾಖಲೆ, ಎರಡನೆಯದರಲ್ಲಿ ರೇಟು. ಮೊದಲನೆಯದರಲ್ಲಿ ಪಾಸಾದವರ ಎರಡನೇ ಕವರ್ ಮಾತ್ರ ತೆರೆಯುತ್ತಾರೆ. ನನ್ನದನ್ನು ಮೊದಲ ಕವರ್‌ನಲ್ಲೇ ಕೈಬಿಟ್ಟು, ಇನ್ನೊಬ್ಬರ ಟೆಂಡರ್ ಒಪ್ಪಿ ಆದೇಶ ಹೊರಡಿಸಿದರು.

ಅಪೀಲು ಹಾಕೋಕೆ ಆದೇಶ ಕೈಸೇರಿದ ದಿನದಿಂದ 30 ದಿನ ಗಡುವು. ಆರ್‌ಟಿಐ ಉತ್ತರಕ್ಕೂ 30 ದಿನ ಟೈಮ್ ಇರುತ್ತೆ. ಹಾಗಾಗಿ ಆರ್‌ಟಿಐ ಮಾಹಿತಿ ಬರಲಿ, ಆಮೇಲೆ ನೋಡೋಣ ಅಂತ ಕೂತರೆ ಗಡುವು ಮುಗಿದೇ ಹೋಗುತ್ತೆ. ನಾನು ಆರ್‌ಟಿಐ ಅರ್ಜಿಯ ಜೊತೆಗೇ ಕಚೇರಿಗೂ ಒಂದು ಪತ್ರ ಕೊಟ್ಟು, ಟೆಕ್ನಿಕಲ್ ಮೌಲ್ಯಮಾಪನದ ಪ್ರತಿ ಕೇಳಿದೆ. ಪತ್ರದ ನಕಲಿನ ಮೇಲೆ ಇನ್‌ವರ್ಡ್ ಸೀಲು ಹಾಕಿಸಿಕೊಂಡೆ. ಪೋರ್ಟಲ್‌ನಲ್ಲಿ ನನ್ನ ಬಿಡ್‌ನ ಪುಟ, ಟೆಂಡರ್ ದಾಖಲೆ, ತಿದ್ದುಪಡಿಗಳ ಪುಟ ಎಲ್ಲವನ್ನೂ ತಾರೀಖು ಕಾಣುವ ಹಾಗೆ ಪ್ರಿಂಟ್ ತೆಗೆದಿಟ್ಟೆ.

ಅಂತೂ ಮೌಲ್ಯಮಾಪನದ ಪ್ರತಿ ಬಂತು. ಉದ್ದನೆಯ ಟೈಪ್ ಮಾಡಿದ ಟೇಬಲ್ಲು. ನನ್ನ ಹೆಸರಿನ ಸಾಲಿನಲ್ಲಿ ಟರ್ನ್‌ಓವರ್, ಇಎಂಡಿ (ಬಿಡ್ ಜೊತೆ ಕಟ್ಟುವ ಠೇವಣಿ), ಲೈಸೆನ್ಸು, ಇದೇ ಥರದ ಕೆಲಸದ ಅನುಭವ, ಎಲ್ಲದಕ್ಕೂ "ಹೌದು" ಅಂತ ಇತ್ತು. ಬಲತುದಿಯಲ್ಲಿ ಮಾತ್ರ ಪೆನ್ನಿನಿಂದ ಗೆರೆ ಎಳೆದು ಹೊಸ ಕಾಲಂ ಮಾಡಿದ್ದರು. ಅದರಲ್ಲಿ ಕೈಬರಹ: "ಹಾರ್ಡ್ ಕಾಪಿ ಬಂದಿಲ್ಲ." ಟೆಂಡರ್ ದಾಖಲೆಯಲ್ಲಿ ಹಾರ್ಡ್ ಕಾಪಿ ಮಾತೇ ಇರಲಿಲ್ಲ, ಪೋರ್ಟಲ್‌ಗೆ ಅಪ್‌ಲೋಡ್ ಮಾಡಿದರೆ ಸಾಕಿತ್ತು. ಕಚೇರಿಯ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ದೆವು ಅನ್ನೋದು ಅವರ ಸಮಜಾಯಿಷಿ. ಆನ್‌ಲೈನ್ ಟೆಂಡರ್‌ಗೆ ನೋಟಿಸ್ ಬೋರ್ಡಿನ ಷರತ್ತು! ಆ ಪೆನ್ನಿನ ಗೆರೆಯೇ ನನ್ನ ಇಡೀ ಕೇಸು.

ಧಾರವಾಡದ ವಕೀಲರ ಹತ್ತಿರ ಹೋಗಿ ಕೂತು, ಟೆಂಡರ್ ಸಿಕ್ಕ ಆ ಪಾರ್ಟಿಗೆ ಯಾರು ಬೇಕಾದವರು, ಯಾರು ಫೋನ್ ಮಾಡಿದರು ಅಂತ ಶುರು ಮಾಡಿದೆ. "ಸಿಟ್ಟು ಆಮ್ಯಾಲೆ ಹೇಳ್ರಿ, ಮೊದಲ ತಾರೀಖ ಹೇಳ್ರಿ" ಅಂದರು. ಅವರು ಬರೆದ ಅಪೀಲಿನಲ್ಲಿ ಭ್ರಷ್ಟಾಚಾರ ಅನ್ನೋ ಪದ ಒಂದು ಕಡೆಯೂ ಇರಲಿಲ್ಲ. ಸಾಬೀತು ಮಾಡೋಕೆ ಆಗದ ಆರೋಪ ಬರೆದರೆ, ಸಾಬೀತಾಗಿರುವ ಸಂಗತಿಯೂ ಅದರ ಜೊತೆ ಮುಳುಗುತ್ತೆ ಅನ್ನೋದು ಅವರ ಲೆಕ್ಕ.

ಆಗಲೇ ನಾನು ಕೆಲವು ತೀರ್ಪುಗಳನ್ನು ಓದಿದ್ದು. 1994ರ ಟಾಟಾ ಸೆಲ್ಯುಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕೋರ್ಟ್ ನೋಡೋದು ನಿರ್ಧಾರಕ್ಕೆ ಬಂದ ರೀತಿಯನ್ನು, ನಿರ್ಧಾರ ಚೆನ್ನಾಗಿದೆಯೋ ಇಲ್ಲವೋ ಅನ್ನೋದನ್ನಲ್ಲ. ನನ್ನ ಕೆಲಸ ಅವನಿಗಿಂತ ಗಟ್ಟಿ ಅಂತ ವಾದಿಸೋದು ಸುಮ್ನೆ ಬಾಯಿ ನೋವು. ಎಲ್ಲಕ್ಕಿಂತ ಜಾಸ್ತಿ ತಲೆಯಲ್ಲಿ ಉಳಿದದ್ದು 1979ರ ರಮಣ ದಯಾರಾಮ್ ಶೆಟ್ಟಿ ಕೇಸು. ಬಾಂಬೆ ವಿಮಾನ ನಿಲ್ದಾಣದ ರೆಸ್ಟೋರೆಂಟ್ ಟೆಂಡರ್. ಟೆಂಡರ್ ಕರೆದವರು ತಾವೇ ಬರೆದ ಅರ್ಹತೆಗೆ ತಾವೂ ಬದ್ಧರು ಅಂತ ಕೋರ್ಟ್ ಖಡಾಖಂಡಿತವಾಗಿ ಹೇಳಿತು. ಇವತ್ತಿಗೂ ಎಲ್ಲ ವಕೀಲರೂ ಅದನ್ನೇ ಹಿಡಿದು ವಾದ ಮಾಡುತ್ತಾರೆ. ಆದರೆ ಕೇಸು ಹಾಕಿದ ಶೆಟ್ಟರಿಗೆ ಸಿಕ್ಕಿದ್ದೇನು? ಏನೂ ಇಲ್ಲ. ತಿಂಗಳುಗಟ್ಟಲೆ ತಡವಾಗಿ ಬಂದಿರಿ, ಅಷ್ಟರಲ್ಲಿ ಗುತ್ತಿಗೆ ಪಡೆದವರು ದುಡ್ಡು ಸುರಿದಿದ್ದಾರೆ ಅನ್ನೋದು ಅವರ ವಿರುದ್ಧ ಹೋದ ಮುಖ್ಯ ಕಾರಣಗಳಲ್ಲೊಂದು. ಇದನ್ನು ಓದಿದ ಮೇಲೆ ನಾನು ಗಡುವಿನ ಕೊನೇ ದಿನಕ್ಕೆ ಕಾಯುವ ಮಾತೇ ಇರಲಿಲ್ಲ.

ಇಲಾಖೆಯವರು ಹಾರ್ಡ್ ಕಾಪಿಯೂ ಒಂದು ಷರತ್ತೇ ಅಂತ ಪಟ್ಟು ಹಿಡಿದರೆ ಹೇಳೋಕೆ ಇನ್ನೊಂದು ತೀರ್ಪು ಇಟ್ಟುಕೊಂಡಿದ್ದೆವು. 1991ರ ಪೊದ್ದಾರ್ ಸ್ಟೀಲ್ ಕೇಸಿನಲ್ಲಿ ಇಎಂಡಿಗೆ ಷರತ್ತಿನಲ್ಲಿ ಹೇಳಿದ್ದನ್ನು ಬಿಟ್ಟು ಬೇರೆ ಬ್ಯಾಂಕಿನ ಚೆಕ್ ಕೊಟ್ಟಿದ್ದರೂ ಬಿಡ್ ಉಳಿಯಿತು. ಷರತ್ತುಗಳಲ್ಲಿ ಮುಖ್ಯವಾದವು ಬೇರೆ, ಪೂರಕವಾದವು ಬೇರೆ ಅಂತ ಕೋರ್ಟ್ ಅಲ್ಲಿ ಹೇಳಿತ್ತು.

ಅಪೀಲು ಪ್ರಾಧಿಕಾರದ ಮುಂದೆ ವಿಚಾರಣೆ ಬೇಗ ಮುಗಿಯಿತು. ಸಾಹೇಬರು ಇಲಾಖೆಯ ಇಂಜಿನಿಯರ್‌ಗೆ ಕೇಳಿದ್ದು ಒಂದೇ, ಈ ಷರತ್ತು ಟೆಂಡರ್ ದಾಖಲೆಯ ಯಾವ ಪುಟದಲ್ಲಿದೆ ಅಂತ. ಅವರು ಫೈಲು ತಿರುವಿಹಾಕುತ್ತಾ ಇದ್ದರು. ಒಪ್ಪಿಗೆ ಆದೇಶ ರದ್ದಾಯಿತು, ಮತ್ತೆ ಮೌಲ್ಯಮಾಪನ ಮಾಡಿ ಅಂತ ವಾಪಸ್ ಕಳಿಸಿದರು. ಕೆಲಸ ನೇರವಾಗಿ ನಮಗೇ ಸಿಗುತ್ತೆ ಅಂತ ಅಪೀಲು ಹಾಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಗೆದ್ದರೂ ಸಾಮಾನ್ಯವಾಗಿ ಸಿಗೋದು ಮರುಪರಿಶೀಲನೆ.

ಎದುರು ಪಾರ್ಟಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು ಅಂತ ಅದರ ಧಾರವಾಡ ಪೀಠದಲ್ಲಿ ಮೊದಲೇ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಅನ್ನೋ ಅರ್ಜಿ, ಹಾಕಿಸಿದ್ದೆ. ಅದಕ್ಕೆ 90 ದಿನ ಆಯಸ್ಸು. ಅವರು ರಿಟ್ ಹಾಕಿಯೂ ಹಾಕಿದರು. ಕೇವಿಯಟ್ ಇದ್ದದ್ದರಿಂದ ನಮ್ಮ ವಕೀಲರ ಮಾತು ಕೇಳದೆ ತಡೆಯಾಜ್ಞೆ ಸಿಗಲಿಲ್ಲ. ಇಂಥ ಕಾಮಗಾರಿಗಳಿಗೆ ಸುಲಭವಾಗಿ ತಡೆ ಕೊಡಬಾರದು ಅಂತ 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪು ಹೇಳುತ್ತೆ. ಆ ಮಾತು ನಮ್ಮ ವಿರುದ್ಧವೂ ತಿರುಗಬಹುದಿತ್ತು, ಈ ಸಲ ಅವರ ವಿರುದ್ಧ ತಿರುಗಿತು.

ನನ್ನ ಎರಡನೇ ಕವರ್ ತೆರೆದಾಗ ನಾನೇ ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ರೇಟು ನನ್ನದೇ. ಆದರೆ ಅಷ್ಟರಲ್ಲಿ ಬಿಡ್‌ನ ವಾಯಿದೆ ಮುಗಿಯುತ್ತಾ ಬಂದಿತ್ತು. ವಾಯಿದೆ ವಿಸ್ತರಿಸ್ತೀರಾ ಅಂತ ಇಲಾಖೆಯಿಂದ ಪತ್ರ ಬಂತು. ಇಲ್ಲ ಅಂದರೆ ಅಲ್ಲಿಗೆ ಆಟ ಮುಗೀತು. ಹೂಂ ಅಂದರೆ ಹಳೇ ರೇಟಿಗೇ ಕೆಲಸ, ಕಬ್ಬಿಣ ಸಿಮೆಂಟಿನ ಬೆಲೆ ಎಷ್ಟೇ ಏರಿರಲಿ. ಸಹಿ ಹಾಕಿದೆ. ವಕೀಲರ ಫೀಸು ಕಳೆದರೆ ಆ ಟ್ಯಾಂಕಿನಲ್ಲಿ ನನಗೆ ಉಳಿದದ್ದು ಅಷ್ಟಕ್ಕಷ್ಟೇ. ವರ್ಕ್ ಡನ್ ಸರ್ಟಿಫಿಕೇಟ್ ಮಾತ್ರ ಸಿಕ್ಕಿತು, ಮುಂದಿನ ಟೆಂಡರ್‌ಗೆ ಅದನ್ನೇ ಅಪ್‌ಲೋಡ್ ಮಾಡಿದೆ.