‘ಡಾಕ್ಟರನ್ನೇ ಕೇಳಿ’ ಎನ್ನುವುದನ್ನು ಬಿಟ್ಟ ಮೇಲೆ

ನರ್ಸ್ ಕೆಲಸ ಬಿಟ್ಟವರ ಬಗ್ಗೆ ನಮ್ಮ ಕಡೆ ಎರಡೇ ಕಾರಣ ಓಡಾಡುತ್ತವೆ: ಸಂಬಳ ಸಾಲಲಿಲ್ಲ, ಇಲ್ಲವೇ ಮದುವೆಯಾಯಿತು. ಹಾಸನದ ಒಂದು ಆಸ್ಪತ್ರೆಯ ಐಸಿಯುನಲ್ಲಿ ನನ್ನ ಜೊತೆ ಪಾಳಿ ಮಾಡಿದವರಲ್ಲಿ ಹಲವರು ಹೊರಟುಹೋದರು. ಒಬ್ಬಳು ಜರ್ಮನ್ ಕಲಿತು ವಿಮಾನ ಹತ್ತಿದಳು, ಇನ್ನೊಬ್ಬಳು ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟಳು. ಕೇಳಿದರೆ ಅವರೂ ಸಂಬಳದ ಮಾತನ್ನೇ ಆಡುತ್ತಾರೆ. ಅದು ಸುಳ್ಳೇನಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಬಸ್ ನಿಲ್ದಾಣದ ಕಡೆ ನಡೆಯುವಾಗ ನಾವು ಆಡಿಕೊಳ್ಳುತ್ತಿದ್ದ ಮಾತು ಬೇರೆ ಇತ್ತು.

ನನಗೆ ನಿದ್ದೆ ಕೆಟ್ಟದ್ದು ಕೆಲಸ ಹೆಚ್ಚಿದ್ದ ದಿನಗಳಲ್ಲಲ್ಲ. ಸಕಲೇಶಪುರದ ಕಡೆಯ ಒಬ್ಬ ಅಜ್ಜ ವೆಂಟಿಲೇಟರ್ ಮೇಲಿದ್ದರು. ಎಂಬತ್ತು ದಾಟಿದ ವಯಸ್ಸು, ಮೆದುಳಿನಲ್ಲಿ ದೊಡ್ಡ ರಕ್ತಸ್ರಾವ. ಗಂಟಲಿನ ಕೊಳವೆಯೊಳಗೆ ಕಫ ಎಳೆಯುವ ಸಕ್ಷನ್ ನಳಿಕೆ ಇಳಿಸಬೇಕು, ಒಂದು ಸಲಕ್ಕೆ ಹದಿನೈದು ಸೆಕೆಂಡ್ ಮೀರಬಾರದು. ಅಷ್ಟರಲ್ಲೇ ಅವರ ಮುಖ ಕೆಂಪಾಗಿ, ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿಯುತ್ತಿತ್ತು. ಅಲುಗಾಡುತ್ತಿದ್ದ ಒಂದೇ ಕೈ ಕೊಳವೆಯ ಕಡೆ ಹೋಗುತ್ತಿದ್ದುದರಿಂದ ಅದನ್ನು ಬ್ಯಾಂಡೇಜಿನಲ್ಲಿ ಮಂಚಕ್ಕೆ ಕಟ್ಟಿದ್ದೆವು. ಕಟ್ಟಿನ ಕೆಳಗೆ ಎರಡು ಬೆರಳು ತೂರುತ್ತವೆಯೇ, ಉಗುರು ನೀಲಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡುವುದು ನನ್ನ ಕೆಲಸ. ಹೊರಗೆ ಬೆಂಚಿನ ಮೇಲೆ ಹಿರಿಯ ಮಗ. ಆ ವರ್ಷದ ಕಾಫಿ ಮಾರಿದ ದುಡ್ಡು ಮುಗಿದು ಮೆಣಸಿನ ಮೇಲೆ ಮುಂಗಡ ತಂದಿದ್ದ. ನಾನು ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದ. “ಸಿಸ್ಟರ್, ನೀವಾದರೂ ಹೇಳಿ, ಉಳಿಯುತ್ತಾರೆಯೇ?”

“ಡಾಕ್ಟರನ್ನೇ ಕೇಳಿ.” ನಮಗೆ ಕಲಿಸಿದ ಉತ್ತರ ಅದು. ಡಾಕ್ಟರು ರೌಂಡ್ಸ್‌ಗೆ ಬಂದು ‘ನೋಡೋಣ’ ಎಂದು ಹೋಗುತ್ತಿದ್ದರು.

ಇದಕ್ಕೆ ನೈತಿಕ ಸಂಕಟ ಎನ್ನುತ್ತಾರೆ. ಸರಿಯಾದದ್ದು ಯಾವುದೆಂದು ಗೊತ್ತಿದ್ದೂ, ಸಂಸ್ಥೆಯ ಕಟ್ಟುಪಾಡುಗಳಿಂದಾಗಿ ಅದನ್ನು ಮಾಡಲಾಗದ ಸ್ಥಿತಿ ಎಂದು 1984ರಲ್ಲಿ ಇದನ್ನು ಮೊದಲು ವಿವರಿಸಿದವರು ಅಮೆರಿಕದ ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್. ಅವರು ಬರೆದದ್ದೇ ನರ್ಸ್‌ಗಳ ಕುರಿತು. ಮುಂದೆ ಬಂದ ಸಂಶೋಧಕರು ಇನ್ನೊಂದು ಮಾತು ಸೇರಿಸಿದರು. ರೋಗಿ ಹೋದ ಮೇಲೂ ಸಂಕಟ ಪೂರ್ತಿ ಇಳಿಯುವುದಿಲ್ಲ. ಫಿಲ್ಟರಿನಲ್ಲಿ ಚರಟ ಉಳಿದಂತೆ ಸ್ವಲ್ಪ ಉಳಿದುಕೊಂಡು, ಮುಂದಿನ ರೋಗಿಯ ಸಂಕಟ ಅದರ ಮೇಲೆ ಕೂರುತ್ತದೆ.

ಸುಸ್ತು ಬೇರೆ, ಇದು ಬೇರೆ ಎಂಬುದಕ್ಕೆ ನನ್ನಲ್ಲಿ ಇನ್ನೊಂದು ಸಾಕ್ಷಿ ಇದೆ. 2025ರ ಜೂನ್, ಜುಲೈ ನೆನಪಿರಬೇಕು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂದು ಸುದ್ದಿಯಾಗಿ, ಗಟ್ಟಿಮುಟ್ಟಾದ ಹುಡುಗರೂ ಎದೆ ಹಿಡಿದುಕೊಂಡು ಇಸಿಜಿಗೆ ಸಾಲು ನಿಂತರು. ಮೈಸೂರಿನ ಜಯದೇವದಲ್ಲೂ ಅದೇ ನೂಕುನುಗ್ಗಲು. ಸರ್ಕಾರ ನೇಮಿಸಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ವರದಿ ಕೊಡುವವರೆಗೂ, ಕೊಟ್ಟ ಮೇಲೂ ಕೆಲವು ದಿನ, ನಮಗೆ ಉಸಿರಾಡಲು ಬಿಡುವಿರಲಿಲ್ಲ. ಕಾಲು ಬಾತಿತ್ತು, ಊಟ ತಪ್ಪುತ್ತಿತ್ತು. ಆದರೆ ದಿಂಬಿಗೆ ತಲೆ ಕೊಟ್ಟರೆ ಒಳ್ಳೆಯ ನಿದ್ದೆ. ಬಂದವರಿಗೆ ಮಾಡಬೇಕಾದದ್ದನ್ನು ಮಾಡಿಯೇ ಕಳಿಸುತ್ತಿದ್ದೆವಲ್ಲ!

ಹಾಗಾಗಿ ‘ಒತ್ತಡ ನಿರ್ವಹಣೆ’ ಶಿಬಿರಗಳ ಮೇಲೆ ನನಗೆ ನಂಬಿಕೆ ಕಡಿಮೆ. ಪ್ರಾಣಾಯಾಮ ಒಳ್ಳೆಯದೇ. ಆದರೆ ಅಜ್ಜನ ಕೈ ಕಟ್ಟಿರುವಾಗ ನನ್ನ ಉಸಿರಾಟ ಸರಿಪಡಿಸಿ ಏನು ಪ್ರಯೋಜನ?

ನಾನು ಮಾಡಿದ್ದು ಇಷ್ಟು. ಮಗ ಕೇಳಿದ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ನರ್ಸಿಂಗ್ ದಾಖಲೆಯಲ್ಲಿ ಬರೆದೆ, ಸಮಯ ಹಾಕಿ. ಪಾಳಿ ಬದಲಾಗುವಾಗ ಔಷಧಿ, ಮೂತ್ರದ ಲೆಕ್ಕದ ಜೊತೆ ಅದನ್ನೂ ಓದಿ ಹೇಳಿದೆ. ಮರುದಿನ ರೌಂಡ್ಸ್ ಮುಗಿದ ಮೇಲೆ, ರೋಗಿಯ ಹತ್ತಿರವಲ್ಲ, ಮೇಜಿನ ಬಳಿ ಡಾಕ್ಟರಿಗೆ ಹೇಳಿದೆ: “ಸರ್, ಮನೆಯವರು ನಾಲ್ಕು ಪಾಳಿಗಳಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಇಂದು ಹತ್ತು ನಿಮಿಷ ಅವರೊಂದಿಗೆ ಕೂರಲು ಆಗುತ್ತದೆಯೇ? ನಾನೂ ಇರುತ್ತೇನೆ.” ವಾದ ಮಾಡಲಿಲ್ಲ, ಚಿಕಿತ್ಸೆ ವ್ಯರ್ಥ ಎಂದು ಹೇಳಲೂ ಇಲ್ಲ. ಸಮಯ ಕೇಳಿದೆ, ಅಷ್ಟೇ. ಅವರು ಒಪ್ಪಿದರು. ಆ ಮಾತು ಅವರನ್ನೂ ಕೊರೆಯುತ್ತಿತ್ತೆಂದು ಕುಳಿತ ಮೇಲೆ ಗೊತ್ತಾಯಿತು. ಡಯಾಲಿಸಿಸ್ ಬೇಡ, ಹೃದಯ ನಿಂತರೆ ಎದೆ ಒತ್ತುವುದು ಬೇಡ ಎಂದು ಮಕ್ಕಳು ತೀರ್ಮಾನಿಸಿದರು. ಒಬ್ಬರು ಸದಾ ಪಕ್ಕದಲ್ಲಿ ಕೂರಲು ಅನುಮತಿ ಸಿಕ್ಕಿತು. ಮಗ ಕೈ ಹಿಡಿದು ಕೂತಾಗ ಬ್ಯಾಂಡೇಜು ಬೇಕಾಗಲಿಲ್ಲ, ಬಿಚ್ಚಿದೆ. ಮಣಿಕಟ್ಟಿನ ಸುತ್ತ ನೂಲಿನ ಅಚ್ಚು ಮೂಡಿತ್ತು.

ವೆಂಟಿಲೇಟರಿನಂಥ ಕೃತಕ ಜೀವಾಧಾರವನ್ನೇ ಹಿಂತೆಗೆಯುವ ವಿಷಯ ಬೇರೆ. ಅದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ತೋರಿ, 2023ರಲ್ಲಿ ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿತು. ಎರಡು ಮಂಡಳಿಗಳು ಒಪ್ಪಬೇಕು. ಎರಡರಲ್ಲೂ ಇರುವವರು ವೈದ್ಯರೇ, ನರ್ಸ್‌ಗೆ ಕುರ್ಚಿಯಿಲ್ಲ.

ಇಲ್ಲಿ ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ್ ನೆನಪಾಗುತ್ತಾರೆ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ಅಲ್ಲೇ ಹಲ್ಲೆಗೊಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಷ್ಟು ವರ್ಷ ಅವರ ಮೈಗೆ ಹಾಸಿಗೆ ಹುಣ್ಣಾಗದಂತೆ ನರ್ಸ್‌ಗಳು ನೋಡಿಕೊಂಡರು ಎಂಬುದನ್ನು ನಮಗೆ ತ್ಯಾಗದ ಪಾಠವಾಗಿ ಹೇಳಿಕೊಟ್ಟರು. ಅವರಿಗೆ ದಯಾಮರಣ ಕೋರಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರಲ್ಲಿ ಕೊಟ್ಟ ತೀರ್ಪಿನ ಒಂದು ಭಾಗವನ್ನು ಯಾರೂ ಹೇಳಲಿಲ್ಲ: ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಬಂದಾಗ ನ್ಯಾಯಾಲಯ ಬೊಟ್ಟು ಮಾಡಿದ್ದು ಆ ಆಸ್ಪತ್ರೆಯ ಸಿಬ್ಬಂದಿಯನ್ನು. ದಿನವೂ ಮಗ್ಗುಲು ಬದಲಿಸಿದವರ ಮಾತಿಗೆ ತೂಕ ಸಿಕ್ಕಿತು. ನನ್ನ ಲೆಕ್ಕದಲ್ಲಿ ನರ್ಸನ್ನು ಕೆಲಸದಲ್ಲಿ ಉಳಿಸುವುದು ಈ ತೂಕ.

ಮಗ್ಗುಲಿನ ವಿಷಯಕ್ಕೇ ಬಂದರೆ, ಎರಡು ಗಂಟೆಗೊಮ್ಮೆ ಬದಲಿಸಬೇಕು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್. ನಮ್ಮ ರಾತ್ರಿಗಳಲ್ಲಿ ನಾಲ್ಕು ವೆಂಟಿಲೇಟರಿಗೆ ಒಬ್ಬಳೇ ಇದ್ದದ್ದುಂಟು. ಅಂಥಲ್ಲಿ ಆಗದ ಕೆಲಸದ ಮುಂದೆಯೂ ‘ಸರಿ’ ಗುರುತು ಬೀಳುತ್ತದೆ. ಚೌಕ ಖಾಲಿ ಬಿಟ್ಟರೆ ಬೈಗುಳ. ನಾನು ಆ ಗುರುತು ಹಾಕುವುದಿಲ್ಲ. ‘2 ಗಂಟೆಗೆ ಮಗ್ಗುಲು ಬದಲಿಸಲಾಗಲಿಲ್ಲ, 4 ವೆಂಟಿಲೇಟರ್, ನರ್ಸ್ ಒಬ್ಬಳು’ ಎಂದು ಬರೆಯುತ್ತೇನೆ. ಮೇಲಿನವರು ಕರೆದು, ಕೋರ್ಟಿಗೆ ಹೋದರೆ ಇದೇ ಕಾಗದ ಆಸ್ಪತ್ರೆಗೆ ಮುಳುವಾಗುತ್ತದೆ ಎಂದರು. ಹೌದು, ಆಗುತ್ತದೆ. ಕೆಲವು ತಿಂಗಳ ಮೇಲೆ ರಾತ್ರಿ ಪಾಳಿಗೆ ಇನ್ನೊಬ್ಬರು ಬಂದರು. ಇನ್ನೂ ಸಾಲದು.

ನಾನು ಕಾಯಂ ನೌಕರಳು, ಬರೆದರೆ ಹೆಚ್ಚೆಂದರೆ ವರ್ಗಾವಣೆ. ಗುತ್ತಿಗೆಯ ಮೇಲಿರುವ ಹುಡುಗಿಯರಿಗೆ ಹೀಗೆಯೇ ಬರೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ವರ್ಷಕ್ಕೊಮ್ಮೆ ನವೀಕರಣವಾಗುವ ಕೆಲಸ ಅವರದು. ಅವರ ಪಾಳಿಯಲ್ಲಿ ಹೀಗಾದರೆ ಬೆಳಗ್ಗೆ ನಾನು ಪಾಳಿ ವಹಿಸಿಕೊಳ್ಳುವಾಗ ಹೇಳಲು ಹೇಳಿದ್ದೇನೆ. ಅದನ್ನು ನನ್ನ ಕೈಬರಹದಲ್ಲಿ, ನನ್ನ ಸಹಿಯ ಮೇಲೆ, ವಹಿಸಿಕೊಂಡ ಸ್ಥಿತಿ ಎಂದು ಬರೆಯುತ್ತೇನೆ.